ಗೋಣಿ ಕಟ್ಟಿದ ಕಾಲುಗಳು

೧ ನವೆಂಬರ್ ೧೯೫೯, ಭಾನುವಾರ

ಯುಗಾದಿಯ ಮಾರನೇ ದಿನ ಗಣಿ ಸಾಹೇಬರುಗಳ ರೋಸ್‌ಹಿಲ್ ಕ್ಲಬ್ಬಿನ ಸೆಕ್ರೆಟರಿ ನಮ್ಮ ಐದು ಜನ ಹೆಂಗಸರನ್ನು ಹಿಂಬಾಗಿಲಲ್ಲಿ ನಿಲ್ಲಿಸಿಕೊಂಡು ಕೊಟ್ಟ ಮಾತು ಇಷ್ಟು:

ಐದು ಜನರ ಹೆಸರೂ ಮಸ್ಟರ್ ರೋಲಿಗೆ ಏರುತ್ತದೆ, ಕೆಲಸ ಖಾಯಂ ಆಗುತ್ತದೆ.
ಖಾಯಂ ಆದವರಿಗೆ ಕೂಲಿ ಲೈನಿನಲ್ಲಿ ಅವರವರ ಹೆಸರಿಗೇ ಮನೆ.
ಭಾನುವಾರ ರಜೆ.
ಕುಡಿಯುವ ನೀರಿಗೆ ಒಳಗಿನ ನಲ್ಲಿ.
ಸೀರೆ ಬದಲಾಯಿಸಿಕೊಳ್ಳಲು ಬಾಗಿಲಿರುವ ಒಂದು ಕೋಣೆ.

ಸಿಕ್ಕಿದ್ದು: ರೋಲಿನಲ್ಲಿ ಹೆಸರಿಲ್ಲ. ಮನೆಯಿಲ್ಲ. ಇವತ್ತು ಭಾನುವಾರ, ಈಗತಾನೇ ಕೆಲಸ ಮುಗಿಸಿ ಬಂದೆ. ಒಳಗಿನ ನಲ್ಲಿ ಮುಟ್ಟಿದ್ದಕ್ಕೆ ನಮ್ಮ ಪೈಕಿಯ ಮಾರಿಯಮ್ಮ ಎಲ್ಲರೆದುರಿಗೆ ಬೈಸಿಕೊಂಡಳು. ಕೋಣೆಗೆ ಬಾಗಿಲು ಬಂತು, ಬೀಗವೂ ಬಂತು. ಒಳಗೆ ಸಾಹೇಬರುಗಳ ಗಾಲ್ಫ್ ಕೋಲುಗಳು ಮಾನವಾಗಿ ಮಲಗಿವೆ. ನಾವು ಹುಣಸೇಮರದ ಹಿಂದೆ ಒಬ್ಬಳಿಗೊಬ್ಬಳು ಮರೆಯಾಗಿ ನಿಂತು ಸೀರೆ ಉಡುತ್ತೇವೆ.

ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದು ಇಷ್ಟಕ್ಕಾದರೂ ಬರಲಿ ಎಂದು ಈ ನೋಟ್‌ಬುಕ್ಕು ತಂದೆ. ಬಾಯಿಮಾತಿನ ಭರವಸೆ ನೆನಪಿನಲ್ಲಿ ಸವೆಯುತ್ತದೆ. ಬರೆದರೆ ಸವೆಯುವುದಿಲ್ಲ.

೩ ನವೆಂಬರ್, ಮಂಗಳವಾರ

ಸೊಂಟ ಹಿಡಿದುಕೊಂಡು ಊರಿಗೆ ಹೋದವಳ ಜಾಗಕ್ಕೆ ಹೊಸಬಳು ಬಂದಳು. ಚಿಕ್ಕವೆಂಕಟಮ್ಮ. ಬಂಗಾರಪೇಟೆಯ ಕಡೆಯವಳು, ಬೆಳಗಿನ ರೈಲಿಗೆ ಬರುತ್ತಾಳೆ. ಇಪ್ಪತ್ತೆರಡು ಇರಬಹುದು. ಗಂಡ ಬಿಟ್ಟು ಹೋಗಿದ್ದಾನೆ. ಅಕ್ಕನ ಗಂಡನ ಮನೆಯ ಜಗಲಿಯಲ್ಲಿ ಮಲಗುತ್ತಾಳಂತೆ.

ಕೆಲಸ ಹೇಳಿಕೊಟ್ಟೆ. ದೊಡ್ಡ ಹಾಲಿನ ನೆಲ ಪೂರ್ತಿ ತೇಗದ ಹಲಗೆ. ಶನಿವಾರ ಸಾಹೇಬರು, ಅಮ್ಮನವರು ಬೂಟು ಹಾಕಿಕೊಂಡು ಅದರ ಮೇಲೆ ಡ್ಯಾನ್ಸು ಮಾಡುತ್ತಾರೆ. ಕಾಲು ಜಾರಬೇಕು, ಆದರೆ ಬೀಳಬಾರದು. ಅದಕ್ಕೆ ಮೇಣದಬತ್ತಿ ಹೆರೆದು ಪುಡಿ ಉದುರಿಸಬೇಕು, ಎರಡು ಕಾಲಿಗೂ ಗೋಣಿ ಸುತ್ತಿ ಹುರಿಯಿಂದ ಕಟ್ಟಿಕೊಳ್ಳಬೇಕು, ಹಲಗೆಯನ್ನು ಪಾದದಿಂದ ಉಜ್ಜಬೇಕು. ಬಗ್ಗಿ ಕೈಯಲ್ಲಿ ಉಜ್ಜಿದರೆ ಮೂರು ದಿನವಾದರೂ ಮುಗಿಯುವುದಿಲ್ಲ.

ನನ್ನ ಪದ್ಧತಿಯೆಂದರೆ ಐದು ಜನ ಒಂದು ಸಾಲು. ಬೆನ್ನು ನೇರ. ನಾನು ‘ಒಂದು’ ಎಂದರೆ ಬಲಗಾಲು ಮುಂದೆ, ‘ಎರಡು’ ಎಂದರೆ ಎಡಗಾಲು. ಮಾತಿಲ್ಲ. ಯಾರು ಬಂದು ನೋಡಿದರೂ ಇವರು ಶಿಸ್ತಿನ ಹೆಂಗಸರು ಅನ್ನಬೇಕು. ಶಿಸ್ತು ನೋಡಿಯೇ ರೋಲಿಗೆ ಹೆಸರು ಹಾಕುವುದು.

೧೦ ನವೆಂಬರ್

ಆ ಹುಡುಗಿ ಸಾಲು ಮುರಿದಳು.

ನಾನು ‘ಎರಡು’ ಅನ್ನುತ್ತಿದ್ದೆ. ಇವಳು ಜಾರಿಕೊಂಡು ಹಾಲಿನ ನಡುಮಧ್ಯಕ್ಕೆ ಹೋದಳು. ಕಾಲು ಜಾರಿತು ಅಂದುಕೊಂಡೆ. ಅಲ್ಲ. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲನ್ನು ಮುಂದಕ್ಕೆ ಬೀಸಿ, ಗರಗರನೆ ತಿರುಗಿದಳು. ತೋಳು ಎರಡೂ ಕಡೆ ತೆರೆದಿತ್ತು, ಕಣ್ಣು ಮುಚ್ಚಿತ್ತು, ಬಾಯಿ ಪೂರ್ತಿ ಬಿಚ್ಚಿತ್ತು. ಯಾರೂ ಕಲಿಸಿದ ಕುಣಿತವಲ್ಲ ಅದು. ಒಮ್ಮೆ ಕರುವಿನಂತೆ ಎಗರುತ್ತಾಳೆ, ಒಮ್ಮೆ ಎಲ್ಲೋ ಏನೋ ಕೇಳಿಸಿದವಳಂತೆ ಗಕ್ಕನೆ ನಿಲ್ಲುತ್ತಾಳೆ, ಮತ್ತೆ ಜಾರುತ್ತಾಳೆ. ಗೋಣಿ ಕಾಲಿಗೆ ಸದ್ದೂ ಇಲ್ಲ. ಹಾಲಿನ ತುಂಬ ಅವಳ ಉಸಿರಷ್ಟೇ.

‘ಏಯ್, ನಾಚಿಕೆ ಆಗಲ್ವೇನೇ ನಿನಗೆ?’ ಅಂದೆ.

ನಿಂತಳು. ಸುತ್ತಲೂ ನೋಡಿದಳು. ‘ಯಾರವ್ರೆ ಅಕ್ಕಾ ಇಲ್ಲಿ ನಾಚ್ಕೊಳಕ್ಕೆ? ಕುರ್ಚಿಗಳಾ?’

ಮಾರಿಯಮ್ಮ ನಕ್ಕುಬಿಟ್ಟಳು. ಐವತ್ತು ದಾಟಿದ ಹೆಂಗಸು, ನಗುವುದಕ್ಕೂ ಮರ್ಯಾದೆ ಬೇಡವೇ? ಇಬ್ಬರಿಗೂ ಬೈದೆ.

೧೪ ನವೆಂಬರ್, ಶನಿವಾರ

ಬಟ್ಲರ್ ಪೆರುಮಾಳ್ ಮಂಡಿಯೂರಿ ಬೆಳಕಿಗೆ ಕಣ್ಣು ಕಿರಿದು ಮಾಡಿ ನೆಲ ನೋಡಿದ. ‘ಎನ್ನಮ್ಮಾ ಇದು? ನೀನು ತಿಕ್ಕಿರೋ ಕಡೆ ಗೀಟು ಗೀಟು. ಅವಳು ಕುಣ್ದಿರೋ ಕಡೆ ಕನ್ನಡಿ.’

ನಾನೂ ನೋಡಿದೆ. ನಿಜ. ನಮ್ಮ ಸಾಲು ಹೋದಲ್ಲೆಲ್ಲ ಉದ್ದುದ್ದ ಗೆರೆ. ಅವಳು ತಿರುಗಿದಲ್ಲಿ ಮೇಣ ಒಂದೇ ಸಮ ಕೂತಿದೆ. ಕೆಲಸದ ದೃಷ್ಟಿಯಿಂದ ನಾನು ಒಪ್ಪಲೇಬೇಕಾಯಿತು. ಬಾಗಿಲು ಹಾಕಿಕೊಂಡು, ಬೆಳಗ್ಗೆ ಎಂಟರಿಂದ ಹತ್ತರವರೆಗೆ, ಯಾರೂ ಇಲ್ಲದಾಗ ಮಾತ್ರ ಎಂದು ಹೇಳಿದೆ.

‘ದೊರೆಗಳು ಡ್ಯಾನ್ಸ್ ಆಡೋವಾಗ ನೀನು ನೋಡಿದೀಯಾ ಪೆರುಮಾಳಣ್ಣಾ?’ ಎಂದು ಚಿಕ್ಕವೆಂಕಟಮ್ಮ ಕೇಳಿದಳು.

‘ವಾರಾ ವಾರಾ ನೋಡ್ತೀನಿ. ಒಬ್ಬರ ಕಾಲು ಇನ್ನೊಬ್ಬರು ನೋಡ್ಕೊಂಡೇ ಆಡ್ತಾರೆ, ನೆಲದ ಮೇಲೆ ಹಾವು ಬಂದಂಗೆ.’

ಎಲ್ಲರೂ ನಕ್ಕರು. ಆರು ಗಂಟೆಯ ಮೇಲೆ ನಮ್ಮ ನೆರಳೂ ಆ ಹಾಲಿನಲ್ಲಿ ಬೀಳುವಂತಿಲ್ಲ. ನಾವು ಹೊಳಪು ಕೊಟ್ಟ ನೆಲ ಹೇಗೆ ಕಾಣುತ್ತದೆ ಎಂದು ದೀಪದ ಬೆಳಕಿನಲ್ಲಿ ನಾವು ನೋಡಿಲ್ಲ.

೨೩ ನವೆಂಬರ್

ಈಗ ಮಾರಿಯಮ್ಮನೂ ತಿರುಗುತ್ತಾಳೆ. ಮಿಕ್ಕ ಇಬ್ಬರೂ ಸೇರಿದ್ದಾರೆ. ನನ್ನನ್ನೂ ಕರೆದರು.

‘ಬಾರಕ್ಕಾ, ಒಂದ್ ಸುತ್ತು.’

‘ನನಗೆ ಮಂಡಿ ನೋವು.’

‘ಮಂಡೀಗಲ್ಲ ನೋವು, ಮನ್ಸಿಗೆ,’ ಅಂತ ಚಿಕ್ಕವೆಂಕಟಮ್ಮ. ತಲೆಹರಟೆ.

ನಮ್ಮ ಯಜಮಾನರು ಗಣಿಯ ಕೆಳಗೆ ಕೆಲಸಕ್ಕೆ ಇಳಿದು ಮತ್ತೆ ಮೇಲೆ ಬರದೆ ಹನ್ನೊಂದು ವರ್ಷವಾಯಿತು. ಅಂದಿನಿಂದ ಈ ನಂದಿದುರ್ಗ ಲೈನಿನಲ್ಲಿ ನಾನು ನಡೆದರೆ ಪ್ರತಿಯೊಂದು ಬಾಗಿಲೂ ನನ್ನ ಕಾಲು ನೋಡುತ್ತದೆ. ಗಂಡ ಸತ್ತವಳು ಎಷ್ಟು ಅಗಲ ಹೆಜ್ಜೆ ಹಾಕಬಹುದು, ಎಷ್ಟು ಜೋರಾಗಿ ಬಿಂದಿಗೆ ಇಳಿಸಬಹುದು, ನಲ್ಲಿಯ ಹತ್ತಿರ ಎಷ್ಟು ಹೊತ್ತು ನಿಲ್ಲಬಹುದು, ಎಲ್ಲಕ್ಕೂ ಕಟ್ಟಳೆಯಿದೆ. ನಾನು ಒಂದನ್ನೂ ಮೀರಿಲ್ಲ. ಅದಕ್ಕೇ ನನ್ನನ್ನು ಯಾರೂ ಏನೂ ಅನ್ನುವ ಹಾಗಿಲ್ಲ.

೨ ಡಿಸೆಂಬರ್, ಬುಧವಾರ

ಸೆಕ್ರೆಟರಿ ಕಿಟಕಿಯಿಂದ ನೋಡಿಬಿಟ್ಟಿದ್ದಾರೆ. ಕರೆಸಿದರು. ಕೆಲಸ ಹೋಯಿತು ಅಂತಲೇ ಹೋದೆ. ನಗುತ್ತಿದ್ದರು.

‘ನಿಂದೇನಾ ಅಕ್ಕಯ್ಯಮ್ಮ, ಈ ಏರ್ಪಾಡು? ಆ ಹುಡುಗಿ ಯಾರು?’

ಹುಡುಗಿಯ ಹೆಸರು ಹೇಳಿದೆ.

‘ಮೂವತ್ತೊಂದಕ್ಕೆ ಬೆಂಗಳೂರಿಂದ ದೊಡ್ಡ ದೊಡ್ಡವರು ಬರ್ತಾರೆ. ಸಂಜೆ ಐದಕ್ಕೆ ಟೀ. ಟೀ ಜೊತೆ ಒಂದು ಐಟಂ ಇರಲಿ. ನೀವು ಐದು ಜನ, ಗೋಣಿ ಕಟ್ಕೊಂಡು, ಹೀಗೇ ಹತ್ತು ನಿಮಿಷ. ಇದೊಂದು ಮಾಡಿಸಿಕೊಡು. ಜನವರಿಲಿ ಐದು ಹೆಸರೂ ರೋಲಲ್ಲಿ ಇರುತ್ತೆ. ನಾನು ಹೇಳ್ತಿರೋದು.’

‘ಆಗಲಿ ಸಾರ್’ ಅಂದೆ. ಹೊರಗೆ ಬಂದ ಮೇಲೆ ನೆನಪಾಯಿತು, ಇನ್ನು ನಾಲ್ಕು ಜನರನ್ನು ನಾನು ಕೇಳೇ ಇಲ್ಲ. ಕೇಳುವುದೇನು? ಅವರ ಒಳ್ಳೆಯದಕ್ಕೇ ತಾನೇ.

೩ ಡಿಸೆಂಬರ್

‘ಅದು ಆಡೋದಲ್ಲ ಅಕ್ಕಾ. ಅದು ಬತ್ತದೆ, ಅಷ್ಟೆ,’ ಅಂದಳು ಚಿಕ್ಕವೆಂಕಟಮ್ಮ.

‘ಬರಿಸು.’

‘ಆಕಳಿಕೆ ಬರ್ಸು ಅಂದ್ರೆ ಬರ್ಸ್ತೀಯಾ ನೀನು?’

ರೋಲು, ಖಾಯಂ, ಲೈನಿನ ಮನೆ, ಎಲ್ಲ ಬಿಡಿಸಿ ಹೇಳಿದೆ. ಮನೆ ಎಂದಾಗ ಮುಖ ಎತ್ತಿದಳು. ‘ಚಿಲಕ ಇರ್ತದಾ ಬಾಗ್ಲಿಗೆ? ಒಳಗಡೆಯಿಂದ ಆಕ್ಕೊಳ್ಳೋ ಅಂಗೆ?’

‘ಇರುತ್ತೆ.’

ಬಹಳ ಹೊತ್ತು ಹುರಿಯ ಗಂಟು ಬಿಚ್ಚುತ್ತಾ ಕೂತಿದ್ದಳು. ಜಗಲಿಯ ಮೇಲೆ ಮಲಗುವವಳಿಗೆ ಚಿಲಕ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ‘ಆಯ್ತು, ಆಡ್ತೀನಿ’ ಅಂದಳು.

೮ ಡಿಸೆಂಬರ್

ಅಭ್ಯಾಸ ಶುರು. ದೊಡ್ಡವರ ಮುಂದೆ ಕಂಡಕಂಡ ಹಾಗೆ ತಿರುಗಿದರೆ ಆಗುವುದಿಲ್ಲ. ಎಂಟಕ್ಕೆ ಬಲಕ್ಕೆ, ಹದಿನಾರಕ್ಕೆ ಎಡಕ್ಕೆ. ನಾನು ಎಣಿಸುತ್ತೇನೆ.

೧೫ ಡಿಸೆಂಬರ್

ನೆರಿಗೆ ಮೊಣಕಾಲಿನ ಕೆಳಗಿರಲಿ ಎಂದೆ. ತೋಳು ಭುಜಕ್ಕಿಂತ ಮೇಲೆ ಬೇಡ ಎಂದೆ. ನಗುವಾಗ ಬಾಯಿ ಮುಚ್ಚು ಎಂದೆ. ಎಲ್ಲವನ್ನೂ ಮಾಡುತ್ತಾಳೆ. ಒಳ್ಳೆಯ ಹುಡುಗಿ.

೧೮ ಡಿಸೆಂಬರ್

ಇವತ್ತು ಸಾಲು ನೇರವಾಯಿತು. ಚಿಕ್ಕವೆಂಕಟಮ್ಮ ಈಗ ಪೂರ್ತಿ ಹೊತ್ತು ತನ್ನ ಕಾಲನ್ನೇ ನೋಡಿಕೊಳ್ಳುತ್ತಾಳೆ. ತಪ್ಪುವುದಿಲ್ಲ. ಪೆರುಮಾಳ್ ಬಂದು ನೆಲ ನೋಡಿ ಹೋದ. ಗೆರೆ ಮತ್ತೆ ಬಿದ್ದಿವೆ.

೨೦ ಡಿಸೆಂಬರ್, ಭಾನುವಾರ

ಗಣಿ ಕಾರ್ಮಿಕರ ಸಂಘದ ಕೋದಂಡಪ್ಪ ಲೈನಿಗೆ ಬಂದು, ಎಲ್ಲರಿಗೂ ಕೇಳಿಸಲಿ ಎಂದು ಬೀದಿಯಲ್ಲೇ ನಿಂತು ಕೂಗಿದ.

‘ಏನಮ್ಮಾ ಅಕ್ಕಯ್ಯಮ್ಮಾ, ನಮ್ಮ ಎಣ್ಮಕ್ಳು ಆಫೀಸರ್‌ಗಳ ಮುಂದೆ ಕುಣಿಯೋದಾ? ಸಂಘದ ಮಾನ ಏನಾಗ್ಬೇಕು?’

‘ಏಳು ತಿಂಗಳಿಂದ ನಮ್ಮ ಅರ್ಜಿ ನಿಮ್ಮ ಮೇಜಿನ ಮೇಲೈತೆ ಅಣ್ಣಾ. ಅದರ ಮಾನ ಏನಾಯ್ತು?’

‘ನೀವು ಕ್ಲಬ್ಬಿನ ಕೂಲಿಗಳು. ಗಣಿ ಪಟ್ಟೀಲಿ ಬರಲ್ಲ. ಎಷ್ಟು ದಪ ಏಳೋದು?’

‘ಪಟ್ಟೀಲಿ ಬರಲ್ಲ ಅಂದ್ಮೇಲೆ ನಿಮ್ಮ ಮಾನದಲ್ಲಿ ಹೆಂಗೆ ಬಂದ್ವಿ?’

ಬಾಯಿಂದ ಬಂದುಬಿಟ್ಟಿತು. ಬಾಗಿಲುಗಳೆಲ್ಲ ಕೇಳಿಸಿಕೊಂಡವು. ಈ ಗಂಡಸರಿಗೆ ನಾವು ಹಸಿದಾಗ ಯಾರೋ, ಕುಣಿದಾಗ ಮನೆಯ ಮಕ್ಕಳು.

೩೧ ಡಿಸೆಂಬರ್

ಬರೆಯಲಾರೆ.

೧ ಜನವರಿ ೧೯೬೦, ಶುಕ್ರವಾರ

ಬರೆಯಲೇಬೇಕು.

ಹಾಲಿನ ಮೂರು ಕಡೆ ಕುರ್ಚಿ, ಕುರ್ಚಿ ತುಂಬ ಜನ. ಬಟ್ಟಲು, ಚಮಚದ ಸದ್ದು. ಹಿಂಬಾಗಿಲಿಂದ ನಮ್ಮನ್ನು ಒಳಗೆ ಬಿಟ್ಟರು. ಸೆಕ್ರೆಟರಿ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಎಲ್ಲರೂ ನಕ್ಕರು. ನಾನು ಎಣಿಸಲು ಶುರು ಮಾಡಿದೆ. ನಾಲ್ಕು ಜನ ಹೊರಟೆವು. ಚಿಕ್ಕವೆಂಕಟಮ್ಮ ನಿಂತಲ್ಲೇ ನಿಂತಿದ್ದಾಳೆ. ಕಣ್ಣು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗುತ್ತಿದೆ. ಈಗ ಕುರ್ಚಿಗಳಿಗೆ ಮುಖ ಬಂದಿತ್ತು.

ನಾನು ಅವಳ ಹಿಂದಕ್ಕೆ ಸರಿದು ಬೆನ್ನಿಗೆ ತಿವಿದೆ. ಹೌದು, ತಿವಿದೆ. ‘ಒಂದು, ಎರಡು’ ಎಂದು ಕಿವಿಯ ಹತ್ತಿರ ಅಂದೆ. ಗಾಣದ ಎತ್ತು ಹೊರಟ ಹಾಗೆ ಹೊರಟಳು. ತಲೆ ಬಗ್ಗಿಸಿ, ಬಾಯಿ ಮುಚ್ಚಿ, ನಾನು ಕಲಿಸಿದ್ದನ್ನು ಒಂದೂ ತಪ್ಪದೆ ಮಾಡಿದಳು. ಮುಂದಿನ ಸಾಲಿನ ಒಬ್ಬ ದೊಡ್ಡ ಮನುಷ್ಯ ಎದ್ದು, ಕರವಸ್ತ್ರವನ್ನು ಕಾಲಿಗೆ ಸುತ್ತಿ, ಅವಳ ಹಿಂದೆ ಅವಳ ಹಾಗೆಯೇ ಕುಂಟುತ್ತಾ ನಡೆದ. ನಗು ಅಂದರೆ ನಗು. ಟೀ ಚೆಲ್ಲಿಕೊಂಡು ನಕ್ಕರು.

ಅವಳು ನಿಂತಳು. ನೆಲದ ನಡುವೆ ಕೂತು ಎರಡು ಕಾಲಿನ ಗೋಣಿಯನ್ನೂ ಬಿಚ್ಚಿದಳು. ಅವಸರ ಮಾಡಲಿಲ್ಲ. ಎದ್ದು, ಮುಂಬಾಗಿಲಿನ ಕಡೆಗೆ ನಡೆದಳು. ನಾವು ಯಾವತ್ತೂ ತುಳಿಯದ ಬಾಗಿಲು. ಬರಿಗಾಲಿನಲ್ಲಿ, ಅವರ ಕಾರ್ಪೆಟ್ಟಿನ ಮೇಲೆ, ಅವರ ಮೆಟ್ಟಿಲು ಇಳಿದು ಹೋದಳು.

ಹತ್ತು ನಿಮಿಷದಲ್ಲಿ ಉಳಿದಿದ್ದಷ್ಟನ್ನೂ ನಾನು ಮುಗಿಸಿದೆ. ಎಣಿಸುತ್ತಲೇ ಇದ್ದೆ.

೪ ಜನವರಿ, ಸೋಮವಾರ

ಸೆಕ್ರೆಟರಿ ಕಾಗದ, ಪೆನ್ನು ಮುಂದಿಟ್ಟರು.

‘ಗೆಸ್ಟ್‌ಗಳ ಮುಂದೆ ನನ್ನ ಮರ್ಯಾದೆ ತೆಗೆದಳು. ಶಿಸ್ತಿಲ್ಲದವಳು, ಹೇಳಿದ ಮಾತು ಕೇಳದವಳು, ತಾನಾಗೇ ಕೆಲಸ ಬಿಟ್ಟು ಹೋದಳು ಅಂತ ಬರೆದುಕೊಡು. ನಿನಗೆ ಬರೆಯೋಕೆ ಬರುತ್ತಲ್ಲ. ಉಳಿದ ನಾಲ್ಕು ಹೆಸರು ನಾನು ನೋಡ್ಕೋತೀನಿ.’

ನಾಲ್ಕು ಸಂಸಾರ. ಮಾರಿಯಮ್ಮನ ಗಂಡ ಗಣಿಯ ದೂಳು ಕುಡಿದು ಕುಡಿದು ಎದೆ ಹಿಡಿದುಕೊಂಡು ಮಲಗಿದ್ದಾನೆ. ಒಬ್ಬಳು ಹೋದರೆ ನಾಲ್ವರು ಉಳಿಯುತ್ತಾರೆ. ಹೀಗೆಲ್ಲ ಯೋಚಿಸಿದೆ.

ಬರೆದುಕೊಟ್ಟೆ. ಅಕ್ಷರ ದುಂಡಗಿದೆ ಎಂದರು.

೯ ಜನವರಿ, ಶನಿವಾರ

ರೋಲು ಅಂಟಿಸಿದ್ದಾರೆ. ಹೊಸ ಹೆಸರು ನಾಲ್ಕೇ ಇವೆ. ಇಬ್ಬರು ಮಾಲಿಗಳು, ಒಬ್ಬ ಡ್ರೈವರು, ಒಬ್ಬ ಸೆಕ್ರೆಟರಿಯ ಮನೆ ಅಡಿಗೆಯವನು.

ಒಳಗೆ ಹೋಗಿ ಕೇಳಿದೆ.

‘ನೀನೇ ಬರೆದಿದ್ದೀಯಲ್ಲ. ನಿನ್ನ ಕೈಕೆಳಗಿನವರಿಗೆ ಶಿಸ್ತಿಲ್ಲ ಅಂತ. ಕಮಿಟಿ ಮುಂದೆ ಅದನ್ನೇ ಇಟ್ಟೆ. ಶಿಸ್ತಿಲ್ಲದವರನ್ನ ಖಾಯಂ ಮಾಡು ಅಂದ್ರೆ ಯಾರು ಒಪ್ತಾರೆ?’

ನನ್ನದೇ ದುಂಡಗಿನ ಅಕ್ಷರ. ಅದರಲ್ಲಿ ಒಬ್ಬಳ ಕತ್ತು ಕೊಯ್ದೆ ಅಂದುಕೊಂಡಿದ್ದೆ. ಐದೂ ಕತ್ತು ಹೋಗಿದೆ.

ಮಾರಿಯಮ್ಮನಿಗೆ ನಿಜ ಹೇಳಿದೆ. ಅವಳು ಬೈಯಲಿಲ್ಲ. ‘ನೀನು ಒಂದ್ ದಪ ಆ ಮಗೀನ ಜತೆ ತಿರುಗಿದ್ರೆ ಅಂಗೆ ಬರೀತಿರ್ಲಿಲ್ಲ,’ ಅಂದಳು. ಎರಡಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

೧೩ ಜನವರಿ

ಏನಿಲ್ಲ.

೧೭ ಜನವರಿ, ಭಾನುವಾರ

ಕೆಲಸಕ್ಕೆ ಹೋಗಲಿಲ್ಲ. ಭಾನುವಾರ ರಜೆ ಎಂದು ಮಾತು ಕೊಟ್ಟಿದ್ದಾರೆ, ನಾನು ತೆಗೆದುಕೊಂಡೆ. ಬಂಗಾರಪೇಟೆಗೆ ರೈಲು ಹತ್ತಿದೆ.

ಚಿಕ್ಕವೆಂಕಟಮ್ಮ ಊರಾಚೆ ಇಟ್ಟಿಗೆ ಕುಯ್ಯುವ ಕಡೆ ಇದ್ದಾಳೆ ಎಂದರು. ಗುಂಡಿಯಲ್ಲಿ ಕೆಸರು ತುಳಿಯುವ ಕೆಲಸ. ದೂರದಿಂದಲೇ ಕಂಡಳು. ಮೊಣಕಾಲುದ್ದ ಕೆಸರು. ಬೆನ್ನು ನೇರ. ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಗೆರೆಯಲ್ಲಿ ಹೋಗುತ್ತಾಳೆ, ತಿರುಗುತ್ತಾಳೆ, ಬರುತ್ತಾಳೆ. ಹತ್ತಿರ ಹೋದೆ. ತುಟಿ ಅಲ್ಲಾಡುತ್ತಿತ್ತು. ಒಂದು, ಎರಡು. ಒಂದು, ಎರಡು.

ಅವಳ ಬಾಯಲ್ಲಿ ನಾನಿದ್ದೆ.

‘ಏನಕ್ಕಾ, ಇಷ್ಟ್ ದೂರ?’

ಕಾಗದದ ವಿಚಾರ ಹೇಳಿದೆ. ಏನು ಬರೆದೆನೋ ಪದಪದವನ್ನೂ ಹೇಳಿದೆ. ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ.

‘ಬಯ್ಯೇ,’ ಅಂದೆ.

‘ಬೈದ್ರೆ ನಿಂಗೆ ಅಗುರಾತದೆ. ಬಯ್ಯಲ್ಲ ಓಗು.’

‘ರೋಲಿನ ಹೆಸರಿಗೆ ಮತ್ತೆ ನಿಲ್ಲೋಣ. ನೀನು ಬಾ.’

‘ನಿನ್ನ ಸಾಲಾಗೆ ನಾನು ನಿಲ್ಲಕ್ಕಿಲ್ಲ ಅಕ್ಕಾ. ನಂಗೇನಾಗೈತೆ ಗೊತ್ತಾ? ಒಬ್ಳೇ ಇದ್ರೂವೆ ಯಾರೋ ನೋಡ್ತವ್ರೆ ಅನ್ಸ್ತದೆ. ಬಚ್ಚಲ್ನಾಗೂ. ಕಾಲು ಮೇಲಕ್ಕೇ ಏಳಾಕಿಲ್ಲ.’

ಸೀರೆ ಎತ್ತಿ ಸಿಕ್ಕಿಸಿ ನಾನೂ ಗುಂಡಿಗೆ ಇಳಿದೆ. ಅವಳ ಪಾಲಿನ ಕೆಲಸ ಅರ್ಧ ಕಡಿಮೆಯಾಗಲಿ ಎಂದು, ಬೇರೇನಿಲ್ಲ. ಎರಡನೇ ಹೆಜ್ಜೆಗೇ ಜಾರಿ ಕುಂಡೆಯ ಮೇಲೆ ಕೂತೆ. ಅವಳು ಎತ್ತಲು ಬಂದಳು, ಅವಳೂ ಜಾರಿದಳು. ಎದ್ದೆ. ಕೆಸರು ಕಾಲನ್ನು ಹಿಡಿದು ಎಳೆಯುತ್ತದೆ, ಒಂದು ಕಡೆಗೆ ಎಳೆದರೆ ಇನ್ನೊಂದು ಕಡೆಗೆ ಮೈ ತಿರುಗಲೇಬೇಕು, ಕೈ ಚಾಚಲೇಬೇಕು. ಅದು ಹಾಗೆಯೇ. ‘ಅಯ್ಯೋ ಅಕ್ಕಾ, ಬೀಳ್ತೀಯ’ ಎನ್ನುತ್ತಿದ್ದಳು. ಎಷ್ಟು ಹೊತ್ತು ತುಳಿದೆನೋ ತಿಳಿಯಲಿಲ್ಲ. ಎಣಿಸಿರಲಿಲ್ಲ. ಇಟ್ಟಿಗೆ ಹೊರುವವರು ಇದ್ದರು, ನೋಡುತ್ತಿದ್ದರೋ ಇಲ್ಲವೋ ನೆನಪಾಗುತ್ತಿಲ್ಲ. ನಾಲ್ಕರ ರೈಲು ತಪ್ಪಿತು. ಕೆಮ್ಮಣ್ಣಿನ ಸೀರೆಯಲ್ಲೇ ಆರರ ರೈಲಿಗೆ ಬಂದೆ. ಲೈನಿನಲ್ಲಿ ಯಾರೋ ‘ಇದೇನಮ್ಮಾ ಇದು!’ ಎಂದರು. ‘ಕೆಸರು’ ಅಂದೆ.

ಮೂರು ಸಲ ಒಗೆದರೂ ಬಣ್ಣ ಹೋಗಿಲ್ಲ. ಮಂಡಿ ನೋಯಲಿಲ್ಲ, ಆಶ್ಚರ್ಯ.

೧೮ ಜನವರಿ, ಸೋಮವಾರ

ನಾಲ್ಕೂ ಜನ ಮೇಣ ಮುಟ್ಟಲಿಲ್ಲ. ರೋಲಿಗೆ ಹೆಸರು ಏರುವವರೆಗೆ ಕೆಲಸವಿಲ್ಲ ಎಂದು ಕ್ಲಬ್ಬಿನ ಗೇಟಿನ ಹೊರಗೆ ಕೂತೆವು. ಇಪ್ಪತ್ತಾರಕ್ಕೆ ಗಣರಾಜ್ಯದ ಡ್ಯಾನ್ಸು ಇದೆ. ಒಣ ಹಲಗೆಯ ಮೇಲೆ ಬೂಟುಗಳು ಹೇಗೆ ಜಾರುತ್ತವೋ ನೋಡೋಣ.

ಪೆರುಮಾಳ್ ಟೀ ತಂದು ಕೊಟ್ಟ. ‘ಸೆಕ್ರೆಟರಿ ಬೇರೆ ಹೆಂಗಸರನ್ನ ಹುಡುಕ್ತಾವ್ರೆ. ಆಂಡರ್ಸನ್‌ಪೇಟೆಲಿ ಯಾರೂ ಬರಲ್ಲ ಅಂದ್ರು. ನಮ್ಮನ್ನ ಕರೆಯೋದು ಹಿಂಬಾಗಿಲಿಗೋ, ಮುಂಬಾಗಿಲಿಗೋ ಅಂತ ಕೇಳಿದ್ರಂತೆ.’

ಅವಳು ಮುಂಬಾಗಿಲಿನಿಂದ ಇಳಿದು ಹೋದ ಸುದ್ದಿ ಪೇಟೆಯೆಲ್ಲ ತಿರುಗಿದೆ.

೨೧ ಜನವರಿ, ಗುರುವಾರ

ಕೋದಂಡಪ್ಪ ಮತ್ತೆ ಬಂದ. ದನಿ ಇಳಿದಿತ್ತು. ‘ಸಬೆ ಮಾಡ್ತೀರಂತೆ. ಅಧ್ಯಕ್ಷತೆ ನಾನು ವಹಿಸ್ಕೊಂತೀನಿ. ಎಣ್ಮಕ್ಳಿಗೆ ಮಾತಾಡಕ್ಕೆ ಬರಲ್ಲ.’

‘ಬನ್ನಿ ಅಣ್ಣಾ. ಕೂತ್ಕೊಳ್ಳಕ್ಕೆ ಜಾಗ ಐತೆ. ಹಿಂದಿನ ಸಾಲಲ್ಲಿ,’ ಅಂದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತ ಹೆಂಗಸರು ನಕ್ಕರು. ಇವತ್ತು ಅವರು ನೋಡಿದ್ದು ನನ್ನ ಕಾಲನ್ನಲ್ಲ.

ಬೇಡಿಕೆ ಬರೆದಿದ್ದೇನೆ. ಯುಗಾದಿಯ ಐದೂ ಮಾತು ಹಾಗೇ ಇವೆ. ಮೊದಲನೆಯದಕ್ಕೆ ಮಾತ್ರ ಒಂದು ಸಾಲು ಸೇರಿಸಿದೆ: ರೋಲಿನಲ್ಲಿ ಮೊದಲ ಹೆಸರು ಚಿಕ್ಕವೆಂಕಟಮ್ಮನದಾಗಬೇಕು. ಅವಳದು ಏರದೆ ನಮ್ಮ ನಾಲ್ಕು ಹೆಸರು ಬೇಡ. ಇದಕ್ಕೆ ಮಾರಿಯಮ್ಮ ಮೊದಲು ಹೆಬ್ಬೆಟ್ಟು ಒತ್ತಿದಳು.

ಇನ್ನೊಂದು ಕಾಗದವನ್ನೂ ಬರೆದಿದ್ದೇನೆ. ನಾಲ್ಕನೇ ತಾರೀಖು ಸೆಕ್ರೆಟರಿಗೆ ನಾನು ಬರೆದುಕೊಟ್ಟದ್ದು ಸುಳ್ಳು, ರೋಲಿನಲ್ಲಿ ಹೆಸರು ಬರುವ ಆಸೆಗೆ ಬರೆದದ್ದು ಎಂದು. ಅದನ್ನು ಸಭೆಯಲ್ಲಿ ಎದ್ದು ನಿಂತು ನಾನೇ ಓದುತ್ತೇನೆ. ಲೈನಿನವರು ಉಗಿಯಬಹುದು. ಉಗಿಯಲಿ.

೨೨ ಜನವರಿ, ಶುಕ್ರವಾರ

ಬೆಳಗಿನ ರೈಲಿನಲ್ಲಿ ಬರುವವರ ಕೈಲಿ ಹೇಳಿ ಕಳಿಸಿದ್ದೆ. ಚಿಕ್ಕವೆಂಕಟಮ್ಮ ಬರುತ್ತೇನೆ ಎಂದಿಲ್ಲ. ಬರುವುದಿಲ್ಲ ಎಂದೂ ಹೇಳಿಲ್ಲ. ‘ಎಷ್ಟೊತ್ತಿಗೆ?’ ಎಂದು ಕೇಳಿದಳಂತೆ, ಅಷ್ಟೇ.

ಮಾರಿಯಮ್ಮ ಸಭೆಯನ್ನು ಬೆಳಗ್ಗೆಯೇ ಮುಗಿಸೋಣ ಎಂದಳು, ಬಿಸಿಲಾಗುತ್ತದೆ ಎಂದು. ನಾನು ಒಪ್ಪಲಿಲ್ಲ. ಬಂಗಾರಪೇಟೆಯ ರೈಲು ಎರಡೂವರೆಗೆ ಬರುತ್ತದೆ. ಸ್ಟೇಷನ್ನಿನಿಂದ ಇಲ್ಲಿಗೆ ನಡೆದು ಬರಲು ಅರ್ಧ ಗಂಟೆ ಬೇಕು.

ಸಭೆ ನಂದಿದುರ್ಗ ಲೈನಿನ ನಲ್ಲಿಕಟ್ಟೆಯ ಹತ್ತಿರ. ಭಾನುವಾರ, ಜನವರಿ ಇಪ್ಪತ್ನಾಲ್ಕು, ಮಧ್ಯಾಹ್ನ ಮೂರು ಗಂಟೆಗೆ.